ತಾಳೆ

ದೆನಿಜ್ಲಿಯ ಟವೆಲ್ ಮಿಲ್ಲಿನ ಮೇಲ್ಮಹಡಿ.
ಕೆಳಗೆ ಮಗ್ಗ ಓಡಿದರೆ ನಮ್ಮ ಮೇಜೂ ನಡುಗುತ್ತದೆ.
ನವೆಂಬರಿನ ಮಾರಾಟ ನಮ್ಮ ಪುಸ್ತಕದಲ್ಲಿ ಆರುನೂರ ಹನ್ನೆರಡು,
ಆನ್‌ಲೈನ್ ಅಂಗಡಿ ಕಳಿಸಿದ ಪಟ್ಟಿಯಲ್ಲಿ ಆರುನೂರ ಹದಿಮೂರು.

ಕಮಿಷನ್ ಕಳೆದೆವು, ವಾಪಸು ಬಂದದ್ದನ್ನು ಕಳೆದೆವು,
ಜಾಹೀರಾತಿಗೆಂದು ಅವರೇ ಮುರಿದುಕೊಂಡದ್ದನ್ನೂ.
ಆದರೂ ನಲವತ್ತೊಂದು ಯೂರೋ ತೊಂಬತ್ತು ಸೆಂಟ್
ಹೆಚ್ಚಿಗೆ ನಿಂತಿದೆ, ಕರೆಯದೆ ಬಂದ ನೆಂಟನ ಹಾಗೆ.

"ಹೆಚ್ಚೇ ಬಂದಿದೆಯಲ್ಲ, ಬಿಡಿ" ಅಂದ ತುಂಜಾಯ್, ಕೋಟು ತೊಡುತ್ತ.
ಶುಕ್ರಾನ್ ಬಿಡುವವಳಲ್ಲ.
ಕಡಿಮೆ ಬಿದ್ದರೆ ಕಳ್ಳನನ್ನು ಹುಡುಕಬಹುದು,
ಹೆಚ್ಚಾದರೆ ಯಾರನ್ನು?

ಒಂದು ಲೋಟ ಚಹಾ ಆರಿತು. ಇನ್ನೊಂದೂ.
ಎಂಟೂವರೆಗೆ ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತು:
ಸ್ನಾನದ ನಿಲುವಂಗಿ, ಬೂದು ಬಣ್ಣ, ಬ್ರೆಮೆನ್.
ಆರ್ಡರ್ ಬಂದಾಗ ನಮಗೆ ಡಿಸೆಂಬರ್ ಒಂದು,
ನಡುರಾತ್ರಿ ದಾಟಿ ನಲವತ್ತು ನಿಮಿಷ.
ಅಲ್ಲಿನ್ನೂ ಹತ್ತು ನಲವತ್ತು;
ನವೆಂಬರ್ ಮಲಗುವ ಮುಂಚೆ ಹಲ್ಲುಜ್ಜುತ್ತಿತ್ತು.

ನಾನು ನಕ್ಕೆ. ಅವಳು ನಗಲಿಲ್ಲ.
ಷರಾ ಕಾಲಮ್ಮಿನಲ್ಲಿ ಒಂದೇ ಪದ ಬರೆದಳು: ಗಡಿಯಾರ.
ಆ ನಿಲುವಂಗಿಯೋ, ನಾವು ತಿಂಗಳು ಹಂಚುತ್ತಿದ್ದ ಹೊತ್ತಿಗೆ
ಕಪಿಕುಲೆ ಗಡಿಯ ಲಾರಿ ಸಾಲಿನಲ್ಲಿ
ಪ್ಲಾಸ್ಟಿಕ್ಕಿನೊಳಗೆ ತೋಳು ಮಡಚಿಕೊಂಡು
ಸರದಿ ಕಾಯುತ್ತಿತ್ತು.