ಯಾರದೋ ತುಟಿ

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ:
'ಅಪ್ಪಾ, ಇದು ಯಾರ ತುಟಿ?'
ಹತ್ತಿಯುಂಡೆ ಕಚ್ಚಿಕೊಂಡ ಬಾಯಲ್ಲಿ ಪಕಾರ ಹೊರಡದೆ
'ಅಹ್ಹಾ, ಇಉ ಯಾವ ಉಹಿ?'
ಎದುರು ಸೀಟಿನ ಮುದುಕಿ ನಕ್ಕಳು. ನಾನು ನಗಲಿಲ್ಲ.
ಉಲಾನ್‌ಬಾತರಿನ ಹೊಗೆಯೊಳಗೆ ಬಸ್ಸು
ಕೆಮ್ಮುತ್ತ ನಮ್ಮ ಗುಡ್ಡ ಹತ್ತುತ್ತಿತ್ತು.

ಡಾಕ್ಟರಮ್ಮ ಹೇಳಿದ್ದನ್ನು ಅಂಗೈ ಮೇಲೆ ಬರೆದುಕೊಂಡಿದ್ದೆ:
ಅರ್ಧ ಗಂಟೆ ಹತ್ತಿ.
ಬಿಸಿಯದು ಬೇಡ.
ಹೀರಬಾರದು, ಜೋರಾಗಿ ಉಗಿಯಬಾರದು.
ಕೊನೆಗೆ ಇನ್ನೊಂದೇನೋ ಬಾರದು.
ಅದು ಕೈಗವಸಿನ ಬೆವರಿಗೆ ಅಳಿಸಿಹೋಗಿತ್ತು.

ತಲೆ ತಗ್ಗಿಸಿ ಉಣ್ಣೆಗುಡಾರ ಹೊಕ್ಕೆವು. ಒಲೆ ಆರಿತ್ತು.
ಅವಳಮ್ಮ ಕಾರ್ಖಾನೆಯ ರಾತ್ರಿಪಾಳಿಗೆ ಹೊರಟುಹೋಗಿದ್ದಳು,
ಮುಚ್ಚಿಟ್ಟ ಮೊಸರಿನ ಮೇಲೆ ಚಮಚ ಅಡ್ಡ ಇಟ್ಟು.
ಒಲೆಗೆ ಬಗ್ಗಿದೆ. ಒಂದು ಕಡ್ಡಿ, ಎರಡು, ಮೂರನೆಯದು ಹತ್ತಿತು.
ತಿರುಗಿ ನೋಡಿದರೆ
ಗದ್ದದ ಮೇಲೆ ರಕ್ತ.

ಕೆಳತುಟಿ ಜಗಿಯುತ್ತ ಕೂತಿದ್ದಳು ಸೊಲೊಂಗೊ,
ಸುಮ್ಮನೆ, ಹೊತ್ತು ಹೋಗದೆ,
ಒಣಗಿದ ಮೊಸರುಗಡ್ಡೆ ಜಗಿಯುವ ಹಾಗೆ.
'ನನ್ನದಲ್ಲವಲ್ಲ,' ಅಂದಳು, 'ನೋಯೋದೇ ಇಲ್ಲ.'

ಅದೇ. ಅಳಿಸಿಹೋದ ಸಾಲು ಅದೇ.

ನಮ್ಮಲ್ಲಿ ಇಲ್ಲದ್ದು ಬಹಳ, ಮಂಜುಗಡ್ಡೆಗೆ ಮಾತ್ರ ಬರವಿಲ್ಲ.
ಹೊರಗೆ ಬಕೀಟಿನಲ್ಲಿ ಕಲ್ಲಾಗಿದ್ದ ನೀರನ್ನು
ಸುತ್ತಿಗೆಯಲ್ಲಿ ಒಡೆದು ತಂದೆ,
ಅವಳಮ್ಮನ ತಲೆವಸ್ತ್ರದಲ್ಲಿ ಸುತ್ತಿ ಕೆನ್ನೆಗೊತ್ತಿದೆ.
'ನೂರು ಎಣಿಸು, ಆಮೇಲೆ ತೆಗೀತೀನಿ.'
ಮೂವತ್ತೊಂಬತ್ತಾದ ಮೇಲೆ ಅವಳಿಗೆ ಮತ್ತೆ ಮೂವತ್ತೇ ಬರುವುದು.
ನಾನೂ ತಿದ್ದಲಿಲ್ಲ.
ಎಷ್ಟು ಸಲ ಮೂವತ್ತು ದಾಟಿದೆವೋ.

'ನಾಳೆಯಿಂದ ಉಪ್ಪುನೀರು ಮುಕ್ಕಳಿಸಬೇಕಂತೆ,' ಅಂದೆ.
'ನಮ್ಮ ಚಹಾದಲ್ಲೇ ಉಪ್ಪಿದೆಯಲ್ಲ, ಅದನ್ನೇ ಮುಕ್ಕಳಿಸಲಾ?'
ಆರು ವರ್ಷದವಳ ಲೆಕ್ಕ. ಉತ್ತರ ಹೊಳೆಯಲಿಲ್ಲ.
ಆರಿದ ಚಹಾದ ಬಟ್ಟಲು ಹಿಡಿದುಕೊಂಡು
ಸಕ್ಕರೆಯ ವಿಷಯ ಯೋಚಿಸುತ್ತಿದ್ದೆ ನಾನು.

ಗಣಿಯ ಲಾರಿ ಓಡಿಸಿ ಮೂರು ವಾರಕ್ಕೊಮ್ಮೆ ಮನೆಗೆ ಬರುವಾಗ
ಜೇಬು ತುಂಬ ಮಿಠಾಯಿ ತಂದು ಸುರಿದವನು ನಾನೇ.
ಅಷ್ಟು ದಿನ ಕಾಣದ ಮಗಳ ಮುಂದೆ
ತಟಕ್ಕನೆ ಏನು ಮಾತಾಡುವುದು?
ಕಾಗದ ಬಿಚ್ಚಿ ಬಾಯಿಗಿಟ್ಟರೆ ಕೆಲಸ ಸಲೀಸು.
ಡಾಕ್ಟರಮ್ಮ 'ಹುಳುಕು' ಅಂದಾಗ
ಯಾರಿಗೋ ಅಂದ ಹಾಗೆ ಗೋಡೆಯ ಚಿತ್ರ ನೋಡಿದ್ದೆ,
ತುಟಿ ಪಿಟಕ್ಕೆನ್ನದೆ.

ಹತ್ತು ಗಂಟೆಗೆ ತುಟಿ ಅವಳದಾಯಿತು.
ಮೊದಲು ಇರುವೆ ಹರಿದಂತೆ ಜುಮುಜುಮು,
ಆಮೇಲೆ ಉರಿ, ಆಮೇಲೆ ಅಳು.
'ಬಂತು ಅಪ್ಪಾ, ವಾಪಸು ಬಂತು, ಬೇಡ, ಕಳಿಸು.'
ಕಳಿಸಲು ನನಗೆಲ್ಲಿ ಬರುತ್ತದೆ?
ಔಷಧಿ ಕುಡಿಸಿದೆ. ಕೀಳದ ಕಡೆಯಿಂದ
ಚಮಚದ ತುದಿಯಲ್ಲಿ ತಣ್ಣನೆ ಮೊಸರು,
ಒಂದು ಗುಟುಕಿಗೆ ಒಂದು ಸುಳ್ಳು:
ಇನ್ನೇನು ಕಮ್ಮಿಯಾಗುತ್ತೆ. ಇದೇ ಕೊನೇದು. ನಂಗೂ ಹೀಗೇ ಆಗಿತ್ತು.
(ನನ್ನ ದವಡೆಹಲ್ಲನ್ನು ಮಾವ ಇಕ್ಕಳದಲ್ಲಿ ಕಿತ್ತಿದ್ದ.
ಯಾರೂ ಮೊಸರು ತಿನ್ನಿಸಿರಲಿಲ್ಲ.)

ನಿದ್ದೆಗೆ ಮುಂಚೆ ನೆನಪಿಸಿದಳು: ಹಲ್ಲು!
ನಮ್ಮಲ್ಲಿ ಬಿದ್ದ ಹಲ್ಲನ್ನು ಕೊಬ್ಬಿನಲ್ಲಿ ಸುತ್ತಿ
ಮರಿನಾಯಿಗೆ ತಿನ್ನಿಸಬೇಕು,
ಹೊಸದು ನಾಯಿಹಲ್ಲಿನಷ್ಟು ಗಟ್ಟಿ ಬರಲೆಂದು.
ಕುರಿಕೊಬ್ಬಿನ ಉಂಡೆ ಕಟ್ಟಿ, ಅವಳನ್ನು ಕಂಬಳಿಯಲ್ಲಿ ಹೊತ್ತು
ಬಾಗಿಲಲ್ಲಿ ನಿಂತೆ. ಖಲ್ತಾರನ ಮರಿ ಓಡಿಬಂತು.
ಗಬಕ್ಕನೆ ನುಂಗಿತು. ಅರ್ಧ ಬಾಯಲ್ಲಿ ನಕ್ಕಳು ಮಗಳು,
ಹೆಗಲ ಮೇಲೇ ಮಲಗಿಬಿಟ್ಟಳು.

ಅವಳು ನೋಡಲಿಲ್ಲ:
ಮರಿ ಕತ್ತು ಕೊಂಕಿಸಿ, ಕೊಬ್ಬು ಉಳಿಸಿಕೊಂಡು,
ಟಪ್ ಎಂದು ಹಲ್ಲನ್ನು ಹಿಮಕ್ಕೆ ಉಗುಳಿತು.

ಬಿಳಿಯಲ್ಲಿ ಬಿಳಿ. ಟಾರ್ಚ್ ಹಿಡಿದು, ಮೊಣಕಾಲೂರಿ
ಬೆರಳು ಮರಗಟ್ಟುವವರೆಗೆ ಹುಡುಕಿದೆ.
ಸಿಕ್ಕಿತು. ತೂತಿನ ಕಪ್ಪಿನಿಂದ ಗುರುತು ಸಿಕ್ಕಿತು.
ಜೇಬಿಗೆ ಹಾಕಿದರೆ
ಒಳಗೆ ಯಾವುದೋ ಮಿಠಾಯಿಕಾಗದ ಸರಬರ ಅಂದಿತು.

ಬೆಳಗಿನ ಜಾವ ಅವಳಮ್ಮ ಬಂದಳು,
ಊದಿದ ತುಟಿ ನೋಡಿದಳು, ನನ್ನನ್ನು ನೋಡಿದಳು.
ಬೂಟು ಕಳಚುತ್ತ ಕೇಳಿದ್ದು ಇಷ್ಟೇ:
'ನಾಯಿ ತಿಂತಾ?'

'ತಿಂತು,' ಅಂದೆ.