ಕಳೆದ ಸಲ ಮಳೆ ಬಂದಾಗ

ಒಂದೇ ವಾರದಲ್ಲಿ, ಡುಂಗಾ ದಂಡೆಯಲ್ಲಿ
ನಲವತ್ತೊಂದು ಹೌದು ಸಿಕ್ಕಿತ್ತು ನನಗೆ.
ನೋಟ್‌ಬುಕ್ಕಿನ ತುಂಬ ಸರಿ ಗುರುತು,
ಬಲೆಗೆ ಬಿದ್ದ ಒಮೆನಾ ಮೀನಿನ ಹಾಗೆ
ಸಣ್ಣಗೆ, ಒತ್ತೊತ್ತಾಗಿ.

"ಬಿಸಿಲಿಲ್ಲದೆ ಮೀನೊಣಗಿಸುವ ಪೆಟ್ಟಿಗೆ ಮಾಡಿದರೆ
ಕೊಳ್ಳುತ್ತೀಯಾ ಅಕ್ಕ?"
"ಅಯ್ಯೋ, ಕೊಳ್ಳದೆ ಮತ್ತೆ!"
"ತಿಂಗಳಿಗೆ ಐನೂರು ಶಿಲ್ಲಿಂಗು, ಹೆಚ್ಚಾಯಿತಾ?"
"ಏನು ಹೆಚ್ಚು ಅಪೋಂಡಿ, ದೇವರು ನಿನಗೆ ಒಳ್ಳೇದು ಮಾಡಲಿ."
ಇಡೀ ದಂಡೆಯೇ ಹೌದಪ್ಪನ ಚಾವಡಿ.
ನಾನೋ, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವಳು.
ಪೆಟ್ಟಿಗೆಗೆ ಹೆಸರಿಟ್ಟೆ, ನೀಲಿ ಬಣ್ಣ ಆರಿಸಿದೆ,
ಸಹಕಾರ ಸಂಘದಲ್ಲಿ ಸಾಲಕ್ಕೆ ಸಹಿ ಹಾಕಿದೆ.

ಬಣ್ಣದ ವಾಸನೆ ಆರುವ ಮೊದಲೇ
ನಲವತ್ತೊಂದು ಹೌದುಗಳೂ
ಬೇರೆ ಬೇರೆ ಕೆಲಸಕ್ಕೆ ಹೊರಟುಹೋದವು.
ಒಬ್ಬಳಿಗೆ ಮಗಳ ಫೀಸು ಕಟ್ಟಬೇಕು,
ಇನ್ನೊಬ್ಬಳಿಗೆ ಗಂಡನನ್ನು ಕೇಳಬೇಕು,
ಮತ್ತೊಬ್ಬಳು ನನ್ನ ಕಂಡೊಡನೆ
ಕೊಡವಿದ ಬಲೆಯನ್ನೇ ಮತ್ತೆ ಕೊಡವತೊಡಗಿದಳು.

ಸುಳ್ಳು ಹೇಳಿರಲಿಲ್ಲ ಯಾರೂ, ಈಗ ಅನಿಸುತ್ತದೆ.
ಬಾಗಿಲಿಗೆ ಬಂದ ಹುಡುಗಿಗೆ
ಕುಡಿಯಲು ನೀರು ಕೊಟ್ಟಂತೆ ಕೊಟ್ಟಿದ್ದರು.
ಆ ಲೋಟದ ನೀರು ನೆಚ್ಚಿ
ನಾನು ಕೆರೆಗೆ ಕಟ್ಟೆ ಕಟ್ಟಿಸಿದ್ದೆ.

ಅಡಿಕಿನ್ಯಿ ಅಜ್ಜಿ ಮಾತ್ರ ಹೌದು ಅಂದಿರಲಿಲ್ಲ.
ಇಲ್ಲ ಎಂದೂ ಅಂದಿರಲಿಲ್ಲ.
"ನಾಳೆಯದನ್ನು ನಾಳೆ ಕೇಳು.
ನನಗೆ ಗೊತ್ತಿರುವುದು ನಿನ್ನೆ."
ಅವಳ ಹೆಸರಿನ ಮುಂದೆ ಆಗ ಸೊನ್ನೆ ಬರೆದಿದ್ದೆ.

ಮತ್ತೆ ಹೋದೆ. ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ.
ಹಳೆಯ ಸೊಳ್ಳೆಪರದೆಯ ಮೇಲೆ ಮೀನು ಹರವುತ್ತಿದ್ದಳು.
ಮರಳಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದೆ:
"ಕಳೆದ ಸಲ ಮಳೆ ಬಂದಾಗ ಏನು ಮಾಡಿದೆ, ಅಜ್ಜಿ?"

ಕೈ ನಿಂತಿತು.
"ಮಂಗಳವಾರ. ಊಟದ ಹೊತ್ತು.
ಮೊಮ್ಮಗ ಜ್ವರದಲ್ಲಿ ಮಲಗಿದ್ದ.
ಅವನ ಮೇಲಿನ ಚಾದರ ಎಳೆದು ತಂದು
ಮೀನಿಗೆ ಹೊದಿಸಿದೆ.
ಮೂರು ಬುಟ್ಟಿ ಉಳಿಯಿತು, ಐದು ಹೋಯಿತು."

ಇಲ್ಲಿ, ಹಳೆಯ ನಾನಾಗಿದ್ದರೆ,
'ಪೆಟ್ಟಿಗೆಯೊಂದು ಇದ್ದಿದ್ದರೆ' ಎಂದು ಬಾಯಿ ಹಾಕುತ್ತಿದ್ದೆ.
ನಾಲಿಗೆ ಕಚ್ಚಿ ಹಿಡಿದೆ.
ನೊಣವೊಂದು ಬಂದು ಕೂತು, ಎದ್ದು, ಮತ್ತೆ ಕೂತಿತು.
"ಹೋಯಿತು ಅಂದರೆ?"

"ಕೋಳಿಗೆ ಹೋಯಿತು. ಒಕುಂಬೋ ಬರುತ್ತಾನೆ ಬೈಕಿನಲ್ಲಿ,
ನೆನೆದದ್ದನ್ನು ಕೋಳಿಮೇವಿಗೆ ತೂಗಿ ಒಯ್ಯುತ್ತಾನೆ."
"ಎಷ್ಟು ಕೊಟ್ಟ?"
ನಕ್ಕಳು. ಹಲ್ಲಿಗಷ್ಟೇ ಸೇರಿದ ನಗು.
"ಅದು ಅವನ ತಕ್ಕಡಿಗೇ ಗೊತ್ತು."

ಎದ್ದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ.
ಬಂದಾಗ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಕಲ್ಲು.
ಆಸ್ಪತ್ರೆಯಲ್ಲಿ ಕೂಸು ತೂಗುವ ತಕ್ಕಡಿಯಲ್ಲಿ
ನರ್ಸಮ್ಮನ ಕಣ್ಣು ತಪ್ಪಿಸಿ ತೂಗಿದ ಕಲ್ಲು:
ಸರಿಯಾಗಿ ಎರಡು ಕಿಲೋ.
ಒಕುಂಬೋನ ಕೊಕ್ಕೆಗೆ ನೇತುಹಾಕಿದರೆ
ಒಂದು ಕಿಲೋ ಮುನ್ನೂರು.
"ಮಳೆ ವರ್ಷಕ್ಕಿಷ್ಟು ದಿನ ಅಂತ ಬರುತ್ತದೆ.
ಅವನು ದಿನಾ ಬರುತ್ತಾನೆ, ಒಣಗಿದ್ದಕ್ಕೂ, ನೆನೆದದ್ದಕ್ಕೂ.
ಈ ಕಲ್ಲು ನಾಲ್ಕು ವರ್ಷದಿಂದ ಇಟ್ಟಿದ್ದೇನೆ ಮಗಳೇ.
ಯಾರೂ ಕೇಳಲಿಲ್ಲ."

ನನ್ನ ಮಡಿಲಲ್ಲಿ ಇಟ್ಟಳು.
ಬಿಸಿಲಿಗೆ ಬೆಚ್ಚಗಿತ್ತು, ಕೂಸಿನಷ್ಟೇ ಭಾರ.

ತಕ್ಕಡಿ. ತಕ್ಕಡಿ ಮಾಡಿದರೆ ಕೊಳ್ಳುತ್ತೀಯಾ?
ಗಂಟಲಿಗೆ ಬಂದಿತ್ತು ಮಾತು, ಹೆಸರು ಬಣ್ಣ ಸಮೇತ.
ನುಂಗಿದೆ.
"ಈ ಕಲ್ಲು ಅವನಿಗೆ ತೋರಿಸಿದ್ದೀಯಾ, ಅಜ್ಜಿ?
ತೋರಿಸಿದ ದಿನ ಏನಾಯಿತು?"

ಅಡಿಕಿನ್ಯಿ ಕೆರೆಯ ಕಡೆ ನೋಡಿದಳು, ದಾರಿಯ ಕಡೆ ನೋಡಿದಳು.
ಆಮೇಲೆ ಒಣಗುತ್ತಿದ್ದ ಮೀನನ್ನು ಅಂಗೈಯಿಂದ ಒತ್ತರಿಸಿ
ಪರದೆಯ ಅಂಚಿನಲ್ಲಿ
ನಾನು ಸರಿಯಾಗಿ ಕೂರುವಷ್ಟು ಜಾಗ ಮಾಡಿದಳು.