ಐಸಿನ ಪೆಟ್ಟಿಗೆಯಲ್ಲಿ ಬಂದದ್ದು

ಶಿರಾಡಿ ಹತ್ತಿ ಬಂದ ಮೀನಿನ ಲಾರಿ
ಹಾಸನದ ಮಾರ್ಕೆಟ್ಟಿನ ಹಿಂದೆ ನಿಂತಾಗ
ನಾಲ್ಕು ಗಂಟೆ ಇಪ್ಪತ್ತು ನಿಮಿಷ.
ಪೊಲೀಸರಿಗೂ ಇದನ್ನೇ ಹೇಳಿದೆ, ಮೂರು ಸಲ.

ನನ್ನ ತಮ್ಮ ಚಲುವ ಐಸು ಒಡೆಯುವವನು.
ಬಂಗಡೆ ಎಂಟು ಪೆಟ್ಟಿಗೆ, ಬೂತಾಯಿ ಆರು,
ಹೆಸರು ಗೊತ್ತಿಲ್ಲದ ತಳದ ಮೀನು ಒಂದು.
ಆ ಒಂದರಲ್ಲಿ, ಚೂರು ಐಸಿನ ಕೆಳಗೆ,
ಅಚ್ಚುಬೆಲ್ಲದ ಗಾತ್ರದ ಮಂಕು ಗಡ್ಡೆ.
ಮೇಲೆ ತೊಗಟೆ; ಉಗುರಿಂದ ಗೀರಿದರೆ ಒಳಗೆ ಕಾಕಂಬಿ.

"ಅಕ್ಕಾ, ತಿಮಿಂಗಿಲದ ವಾಂತಿ" ಅಂದ ಕಿವಿಯಲ್ಲಿ.
ಪೇಪರಿನಲ್ಲಿ ನೀವೂ ಓದಿರುತ್ತೀರಿ,
ಹಿಡಿಯಷ್ಟಕ್ಕೆ ಕೋಟಿ, ಸಿಕ್ಕಿಬಿದ್ದವರ ಫೋಟೋ.
ಮೂಸಿದೆ. ಬೆಳ್ಳುಳ್ಳಿ, ಸಾಸಿವೆ,
ಯಾರೋ ಒಗ್ಗರಣೆ ಇಟ್ಟು ಮರೆತ ಹಾಗೆ.
ತಿಮಿಂಗಿಲ ಏನು ತಿನ್ನುತ್ತದೋ ನಮಗೇನು ಗೊತ್ತು?
ಗೊರೂರು ಹಿನ್ನೀರಿನ ಬೆಸ್ತರು ನಾವು.
ಅಪ್ಪನ ಬಲೆಗೆ ಕಾಟ್ಲಾ, ರೋಹು, ಒಮ್ಮೆ ಒಂದು ಹೆಣ.
ಸಮುದ್ರ ಅಂದರೆ ನಮಗೆ
ಲಾರಿಯಿಂದ ಸೋರುವ ನೀರು.

ಬನೀನಿನೊಳಗೆ ಇಟ್ಟುಕೊಂಡ.
ಮಧ್ಯಾಹ್ನದ ತನಕ ಕೋಟ್ಯಧೀಶನಾಗಿದ್ದ.
ಸಾಲಗಾಮೆ ರಸ್ತೆಯಲ್ಲಿ ಒಂದು ಸೈಟು,
ನನಗೆ ಎರಡೆಳೆ ಸರ,
ಐಸು ಒಡೆಯುವ ಮಿಷನ್ನೂ ಬೇಕಂತೆ,
ದುಡ್ಡು ಬಂದ ಮೇಲೂ ಐಸನ್ನೇ ಒಡೆಯುವವನ ಹಾಗೆ.

ನಾಲ್ಕಕ್ಕೆ ತುರಿಕೆ. ಆರಕ್ಕೆ ಕಣ್ಣು ಊದಿತು.
ರಾತ್ರಿ ಹೊಟ್ಟೆಯ ತುಂಬ ಬೊಬ್ಬೆ,
ಹಳದಿ ನೀರು ತುಂಬಿ, ಒಂದಕ್ಕೊಂದು ಕೂಡಿಕೊಂಡು.

ದೊಡ್ಡಾಸ್ಪತ್ರೆಯಲ್ಲಿ ಕೇಳಿದರು:
ಆಸಿಡ್ಡಾ? ಜಗಳವಾ? ಸ್ಟೌ ಸಿಡಿಯಿತಾ?
ಸುಟ್ಟ ಸೊಸೆಯರಿಗೆ ಕೇಳುವ ಪ್ರಶ್ನೆಗಳೇ.
ಐಸು ಅಂದೆ. ನಕ್ಕರು.

ಡಾಕ್ಟರಮ್ಮ ಒಬ್ಬಳು, ಅರಕಲಗೂಡಿನವಳು, ನಗಲಿಲ್ಲ.
ನನ್ನ ಬೆರಳ ತುದಿಯ ಗುಳ್ಳೆ ನೋಡಿದಳು.
ವಾಸನೆ ಹೇಗಿತ್ತು ಅಂದಳು. ಸಾಸಿವೆ ಅಂದೆ.
ಸ್ಟೂಲು ಎಳೆದು ಕೂತಳು.

ಯುದ್ಧವಂತೆ. ಯಾರದ್ದೋ, ಯಾವಾಗಲೋ.
ಗೆದ್ದವರ ಹತ್ತಿರವೂ ಮಿಕ್ಕಿತಂತೆ ವಿಷ, ಸೋತವರ ಹತ್ತಿರವೂ.
ಸುಟ್ಟರೆ ಹೊಗೆ, ಹೂತರೆ ಬಾವಿ,
ಹಡಗಿಗೆ ತುಂಬಿ ಸಮುದ್ರಕ್ಕೆ ಬಿಟ್ಟರಂತೆ,
ಅಷ್ಟು ನೀರಲ್ಲಿ ಇದೆಷ್ಟು, ಎಂದು.
ಹೊಳೆಯಲ್ಲಿ ತೊಳೆದ ಹುಣಸೆಹಣ್ಣಾದರೂ ಕರಗುತ್ತದೆ.
ಇದು ತಣ್ಣಗಿನ ಕತ್ತಲಲ್ಲಿ ಗಟ್ಟಿಯಾಗಿ
ಮೈಮೇಲೆ ಚರ್ಮ ಬೆಳೆಸಿಕೊಂಡು ಕೂತಿತಂತೆ,
ಡ್ರಮ್ಮು ತುಕ್ಕು ತಿನ್ನುವ ತನಕ,
ಬಲೆ ಅಷ್ಟು ಆಳಕ್ಕೆ ಇಳಿಯುವ ತನಕ,
ನನ್ನ ತಮ್ಮ ಹುಟ್ಟಿ ಐಸು ಒಡೆಯಲು ಕಲಿಯುವ ತನಕ.
"ಇದು ಅದೇ ಅಂತ ಹೇಳಲಾರೆ, ಪರೀಕ್ಷೆಗೆ ಕಳಿಸಬೇಕು" ಅಂದಳು.

ಪೆಟ್ಟಿಗೆಯಲ್ಲಿದ್ದ ಮೀನು?
ಕೇಳಿದ್ದು ಅವಳು. ಹತ್ತೂವರೆಗೇ ಖಾಲಿ.
ಬೇಲೂರು ರಸ್ತೆಯ ಮೆಸ್ಸಿಗೆ ಮೂರು ಕೇಜಿ,
ಚೌಕಾಸಿ ಮಾಡುವ ಮೇಷ್ಟ್ರಿಗೆ ಅರ್ಧ.
ಚೆನ್ನಾಗಿ ತೊಳೆದೇ ಕೊಟ್ಟಿದ್ದೆ.
ತೊಳೆದ ನೀರು ಎಲ್ಲಿಗೆ ಹೋಗುತ್ತದೆಂದು
ಈಗ ಚರಂಡಿಯ ಜೊತೆ ನಡೆದು ನೋಡುತ್ತೇನೆ.

ಗಡ್ಡೆ ನಮ್ಮ ಹಿತ್ತಲಲ್ಲಿ, ಉಪ್ಪಿನಕಾಯಿ ಭರಣಿಯೊಳಗೆ.
ವಾಂತಿಯಲ್ಲ ಅಂದಮೇಲೆ ಪೊಲೀಸರಿಗೆ ಕೇಸಿಲ್ಲ.
ಪ್ರಾಣಿಯದಲ್ಲ, ಅಂದರು ಅರಣ್ಯದವರು.
ನಗರಸಭೆಯ ಗಾಡಿಯವನು ಇಣುಕಿ ಕೇಳಿದ:
ಹಸಿ ಕಸವಾ, ಒಣ ಕಸವಾ?
ಪಕ್ಕದ ಮನೆಯ ಯಜಮಾನರಿಗೆ ನಮ್ಮ ಮೇಲೆ ಕನಿಕರ:
"ಹೇಮಾವತಿಗೆ ಎಸೆದು ಕೈ ತೊಳಕೊಳವ್ವ,
ಅಷ್ಟು ನೀರಲ್ಲಿ ಇದೆಷ್ಟು?"

ಅಪ್ಪನ ತೆಪ್ಪ ಇನ್ನೂ ಆ ನೀರಲ್ಲೇ ಇದೆ.

ಭರಣಿಯ ಮೇಲೆ ಬಕೆಟ್ಟು ಬೋರಲು ಹಾಕಿ
ಕಲ್ಲು ಹೇರಿದ್ದೇನೆ. ಇವತ್ತಿಗೆ ಹದಿನೇಳು ದಿನ.
ಸಾರಿಗೆ ಒಗ್ಗರಣೆ ಬಿಟ್ಟಿದ್ದೇವೆ.
ನಾಲ್ಕು ಇಪ್ಪತ್ತಕ್ಕೆ ಲಾರಿ ಬರುತ್ತದೆ.
ಐಸು ಈಗ ನಾನೇ ಒಡೆಯುತ್ತೇನೆ,
ಮೊದಲು ಇಕ್ಕಳದಿಂದ ಕೆದಕಿ,
ಆಮೇಲೆ ಮೂಸಿ.